ಓರೆಯಾಗುತ್ತಿದ್ದ ಚಾಪೆಗಳು

ಖರೇ ಹೇಳಿ, ನೀವು ನೆಲದ ಮೇಲೆ ಅಂಗಾತ ಮಲಗಿ ಎರಡೂ ಕಾಲು ಸೂರಿನ ಕಡೆಗೆ ಎತ್ತಿ ಎಷ್ಟು ವರ್ಷವಾಯಿತು? ನಾಚಿಕೊಳ್ಳಬೇಡಿ, ನಾನು ಯಾರಿಗೂ ಹೇಳುವುದಿಲ್ಲ. ತೊಟ್ಟಿಲಲ್ಲಿ ಇದ್ದಾಗ ಎತ್ತಿದ್ದೇ ಕೊನೆ ಎನ್ನುವುದಾದರೆ ನೀವು ನಮ್ಮ ಪೈಕಿ. ನಾನು ತೊಟ್ಟಿಲು ಬಿಟ್ಟ ಮೇಲೆ ಎಪ್ಪತ್ತು ವರ್ಷ ಕಾಲನ್ನು ನಡೆಯುವುದಕ್ಕೆ ಮತ್ತು ಮಡಚಿ ಕೂಡುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಳಸಿರಲಿಲ್ಲ.

ಈ ಪ್ರಶ್ನೆ ಹುಟ್ಟಿದ್ದು ಒಂದು ವಾಸನೆಯಿಂದ. ಇವತ್ತು ರವಿವಾರ. ಬೆಟಗೇರಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಒಂಬತ್ತು ರಬ್ಬರು ಚಾಪೆ ತೊಳೆದು ಒಣಹಾಕಿದ್ದೇವೆ. ಬಿಸಿಲು ಏರಿದಂತೆ ಇಡೀ ಮಾಳಿಗೆ ಪಂಕ್ಚರ್ ತಿದ್ದುವ ಅಂಗಡಿಯ ಹಾಗೆ ನಾರುತ್ತಿದೆ. ಮೊದಲೆಲ್ಲ ಇದೇ ಜಾಗದಲ್ಲಿ ನಾನು ಸಂಡಿಗೆ ಇಟ್ಟು ಕಾಗೆ ಕಾಯುತ್ತಿದ್ದೆ. ಈಗ ಚಾಪೆ ಕಾಯುತ್ತೇನೆ. ಕಾಗೆಗಳಿಗೆ ರಬ್ಬರಿನ ಮೇಲೆ ಆಸೆ ಇಲ್ಲದ್ದರಿಂದ ಕೈಯಲ್ಲಿ ಫೋನು ಹಿಡಿದು ಒಂದೇ ಬೆರಳಿನಿಂದ ಅಕ್ಷರ ಒತ್ತಲು ಪುರಸೊತ್ತು ಸಿಗುತ್ತದೆ. ಬೆರಳು ನಿಧಾನ, ನೀವೂ ನಿಧಾನವಾಗಿಯೇ ಓದಿ, ಇಬ್ಬರೂ ಜೊತೆಗೆ ಹೋಗೋಣ.

ಚಾಪೆಗಳು ನನ್ನ ಸೊಸೆ ವಿದ್ಯಾಳವು. ಅವಳು ಲಕ್ಷ್ಮೇಶ್ವರದ ಹುಡುಗಿ. ನೋವಿದ್ದವರಿಗೆ ವ್ಯಾಯಾಮ ಮಾಡಿಸುವ ವಿದ್ಯೆ ಓದಿದವಳು. ಮದುವೆಯಾದ ಮೇಲೂ ಕೆಲವು ವರ್ಷ ಹುಬ್ಬಳ್ಳಿಗೆ ಓಡಾಡಿ ಪಿಲಾಟಿಸ್ ಎನ್ನುವ, ಚಾಪೆಯ ಮೇಲೆ ಮಲಗಿ ಮಾಡುವ ವ್ಯಾಯಾಮವನ್ನು ಕಲಿತಳು. ಎರಡು ವರ್ಷದ ಹಿಂದೆ, ನಮ್ಮ ಮಾವನವರ ಕಾಲದಲ್ಲಿ ಅರಳೆ ತುಂಬುತ್ತಿದ್ದ ಮುಂದಿನ ಗೋದಾಮಿಗೆ ಸುಣ್ಣ ಬಳಿಸಿ, ಇಲ್ಲೇ ಕ್ಲಾಸು ತೆಗೆಯುತ್ತೇನೆ ಅಂದಳು. ನಾನು ಹೂಂ ಅಂದೆ. ಅದು ಏನೆಂದು ತಿಳಿದು ಹೂಂ ಅನ್ನಲಿಲ್ಲ. ಗೋದಾಮಿನಲ್ಲಿ ಇಲಿ ಬಹಳವಾಗಿದ್ದವು, ಮನುಷ್ಯರು ಓಡಾಡಿದರೆ ಹೋಗುತ್ತವೆ ಎಂದುಕೊಂಡೆ.

ಹುಬ್ಬಳ್ಳಿಯಿಂದ ಟೆಂಪೋದಲ್ಲಿ ಒಂದು ಸಾಮಾನು ಬಂತು. ಉದ್ದನೆಯ ಕಟ್ಟಿಗೆಯ ಚೌಕಟ್ಟು, ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವ ಹಾಸಿಗೆ, ಕೆಳಗೆ ಸ್ಪ್ರಿಂಗು, ತಲೆಯ ಕಡೆ ಹಗ್ಗ. ಅದನ್ನು ನಾಲ್ಕು ಮಂದಿ ಹೊತ್ತು ಒಳಗೆ ತರುವುದನ್ನು ಓಣಿಯ ಮಂದಿ ಕಂಡರು. ಅರ್ಧ ತಾಸಿನಲ್ಲಿ ಎದುರು ಮನೆಯಾಕೆ ಮುಖ ಸಣ್ಣದು ಮಾಡಿಕೊಂಡು ಬಂದಳು.

"ಯಾರಿಗೆ ಏನಾತ್ರಿ ಅಮ್ಮಾರ? ಹಾಸಿಗಿ ಹಿಡಿಯೂವಷ್ಟು ಏನಾತು?"

"ಯಾರಿಗೂ ಏನೂ ಆಗಿಲ್ಲವಾ. ಅದು ಆರಾಮ ಇದ್ದವರು ಅಡ್ಡಾಗೂ ಹಾಸಿಗಿ."

ಅವಳು ನಂಬಲಿಲ್ಲ. ನಾನು ಎದ್ದು ಓಡಾಡುವುದನ್ನು ಕಣ್ಣಾರೆ ಕಂಡು, ನನ್ನ ಮಗನ ಆರೋಗ್ಯವನ್ನೂ ವಿಚಾರಿಸಿ, ಸ್ವಲ್ಪ ನಿರಾಶೆಯಿಂದಲೇ ಹೋದಳು.

ವಿದ್ಯಾ ಕಲಿಸುವ ರೀತಿ ನನಗೆ ಮೊದಲ ದಿನದಿಂದ ಮೆಚ್ಚುಗೆಯಾಯಿತು. ಒಂದು ಸಲಕ್ಕೆ ಎಂಟೇ ಮಂದಿ, ಅದಕ್ಕಿಂತ ಒಬ್ಬರೂ ಹೆಚ್ಚಿಗೆ ಇಲ್ಲ. ಮೊದಲ ದಿನ ಯಾರಿಗೂ ವ್ಯಾಯಾಮವೇ ಇಲ್ಲ. ಬಂದವರಿಗೆ ನಡೆಯಿರಿ ಅನ್ನುತ್ತಾಳೆ, ತುಂಬಿದ ಕೊಡ ಎತ್ತಿರಿ ಅನ್ನುತ್ತಾಳೆ, ಕಡೆಗೆ ಒಲೆಯ ಮುಂದೆ ರೊಟ್ಟಿ ಬಡಿಯುವ ಹಾಗೆ ಕುಳಿತು ತೋರಿಸಿರಿ ಅನ್ನುತ್ತಾಳೆ. ಹೆಣ್ಣುಮಕ್ಕಳು ಹಿಟ್ಟಿಲ್ಲದೆ, ಕಲ್ಲಿಲ್ಲದೆ, ಗಾಳಿಯಲ್ಲಿ ರೊಟ್ಟಿ ಬಡಿಯುತ್ತಾರೆ. ಇವಳು ಹಿಂದೆ ನಿಂತು ಯಾರ ಯಾವ ಭುಜ ಎತ್ತರ, ಯಾರು ಯಾವ ಕಡೆ ಭಾರ ಹಾಕುತ್ತಾರೆ ಎಂದು ವಹಿಯಲ್ಲಿ ಬರೆದುಕೊಳ್ಳುತ್ತಾಳೆ. ಆಮೇಲೆ ಒಬ್ಬೊಬ್ಬರಿಗೆ ಬೇರೆ ಬೇರೆ ಮಾತು. ಬೆನ್ನನ್ನು ನೆಲದಿಂದ ಒಂದೊಂದೇ ಮಣಿಯಾಗಿ ಎತ್ತುವುದಕ್ಕೆ, "ಸರದಾಗಿನ ಗುಂಡು ಒಂದೊಂದ ಎತ್ತಿದಂಗ ಎತ್ರಿ, ಜಲ್ದಿ ಬ್ಯಾಡ" ಅನ್ನುತ್ತಾಳೆ. ನನ್ನ ಕೊರಳಲ್ಲೂ ಗುಂಡಿನ ಸರ ಇದೆ. ಅವಳು ಹಾಗೆ ಅಂದಾಗಲೆಲ್ಲ ನಾನು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ನಾನು ಅಲ್ಲಿ ಏನು ಮಾಡುತ್ತಿದ್ದೆ ಅಂತೀರಾ? ಕುರ್ಚಿಯ ಮೇಲೆ ಕೂಡುತ್ತಿದ್ದೆ. ಗೋದಾಮಿನ ಬಾಗಿಲ ಒಳಮಗ್ಗುಲಿಗೆ ಒಂದು ಬೆತ್ತದ ಕುರ್ಚಿ ಹಾಕಿಕೊಂಡು, ಬಂದವರನ್ನು ಬರಮಾಡಿಕೊಂಡು, ಅವರ ತವರುಮನೆ ಯಾವ ಊರು, ಅಡ್ಡಹೆಸರು ಏನು, ನಮ್ಮ ಸೊರಟೂರಿನ ಬೀಗರಿಗೆ ಏನಾಗಬೇಕು ಎಂದು ವಿಚಾರಿಸಿ ಒಳಗೆ ಬಿಡುವುದು ನನ್ನ ಕೆಲಸ. ಇದನ್ನು ಯಾರೂ ನನಗೆ ವಹಿಸಿರಲಿಲ್ಲ. ಆದರೆ ಉಪಯೋಗವಿತ್ತು. ನಮ್ಮ ಓಣಿಯ ಇಬ್ಬರು ನೆಗೆಣ್ಣಿಯರನ್ನು, ಒಂದೇ ಮನೆಯ ಸೊಸೆಯಂದಿರನ್ನು, ಅವರ ಅತ್ತೆ ಕ್ಲಾಸಿಗೆ ಕಳಿಸಿದ್ದೇ ನನ್ನ ಮುಖ ನೋಡಿ. "ಅಮ್ಮಾರು ಅಲ್ಲೇ ಕುಂತಿರ್ತಾರಂದ್ರ ಚಿಂತಿಲ್ಲ" ಅಂದಿದ್ದಳಂತೆ. ಆ ಮಾತು ಕೇಳಿದ ಮೇಲೆ ನಾನು ಕುರ್ಚಿಗೆ ಒಂದು ದಿಂಬನ್ನೂ ಹಾಕಿಕೊಂಡೆ.

ಎಂಟು ಮಂದಿಯಲ್ಲಿ ಶಹನಾಜ್ ಎಂಬುವಳು ಶಿರಹಟ್ಟಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ವಯಸ್ಸು ನಲವತ್ತರ ಸುಮಾರು. ಶಿರಹಟ್ಟಿಯ ಮದುವಣಗಿತ್ತಿಯರಲ್ಲಿ ಅರ್ಧಕ್ಕರ್ಧ ಮಂದಿ ಅವಳು ಹೊಲಿದ ಕುಬಸ ತೊಟ್ಟೇ ಹಸೆಗೆ ಕೂತವರು. ಇಪ್ಪತ್ತು ವರ್ಷ ಮಶಿನ್ನಿನ ಮುಂದೆ ಕೂತು ಅವಳ ನಡ ಹಿಡಿದುಬಿಟ್ಟಿತ್ತು. ಮಶಿನ್ನಿನಿಂದ ಏಳಬೇಕಾದರೆ ಗೋಡೆ ಹಿಡಿಯಬೇಕು, ನೆಟ್ಟಗೆ ನಿಲ್ಲಬೇಕಾದರೆ ಇನ್ನಷ್ಟು ಹೊತ್ತು ಬೇಕು. ಡಾಕ್ಟರು ಹೊಲಿಗೆ ಬಿಡು ಅಂದಿದ್ದರು.

"ಹೊಲಿಗಿ ಬಿಟ್ರ ನಾ ಯಾರ್ರಿ?" ಎಂದು ಅವಳು ಮೊದಲ ದಿನ ವಿದ್ಯಾಳನ್ನು ಕೇಳಿದಳು. "ಶಿರಹಟ್ಟ್ಯಾಗ ನನ್ನ ಹೆಸರ ಕೇಳಿದ್ರ ಗೊತ್ತಾಗೂದಿಲ್ಲ. ಟೇಲರಕ್ಕ ಅಂದ್ರ ಬಸ್‌ಸ್ಟ್ಯಾಂಡದಾಗ ಆಡೂ ಹುಡುಗೂರೂ ಮನಿ ತೋರಸ್ತಾವ."

ವಿದ್ಯಾ ಅವಳ ಕೈ ಹಿಡಿದು, "ಮೂರು ತಿಂಗಳು ಕೊಡ್ರಿ ಅಕ್ಕಾ. ಮಶಿನ್ ಬಿಡಾಂಗಿಲ್ಲ, ಬಿಡಸೂದೂ ಇಲ್ಲ" ಅಂದಳು. ಬಾಯಿಮಾತಿಗೆ ಅಂದದ್ದಲ್ಲ. ಆ ವಾರವೇ ಬಸ್ಸು ಹತ್ತಿ ಶಿರಹಟ್ಟಿಗೆ ಹೋಗಿ, ಅವಳು ಹೊಲಿಯುವುದನ್ನು ಬದಿಯಲ್ಲಿ ಕೂತು ನೋಡಿ ಬಂದಳು. ಕೂಡುವ ಸ್ಟೂಲು ಗಿಡ್ಡ, ಬಲಗಾಲು ಯಾವಾಗಲೂ ಮೋಟಾರಿನ ಪೆಡಲಿನ ಮೇಲೆ, ಹೀಗಾಗಿ ಮೈಭಾರವೆಲ್ಲ ಒಂದೇ ಕುಂಡೆಯ ಮೇಲೆ. ಸ್ಟೂಲಿಗೆ ಹಲಗೆ ಹಚ್ಚಿಸಿ ಎತ್ತರ ಮಾಡಿಸಿದಳು. ನಡಕ್ಕೆ ಗಟ್ಟಿ ಬರಲು ಏನು ಮಾಡಬೇಕೆಂದು ಬರೆದು ತಂದಳು. ಹುಬ್ಬಳ್ಳಿಯ ದೊಡ್ಡ ಕ್ಲಾಸುಗಳಲ್ಲಿಯೂ ಇಷ್ಟು ಯಾರು ಮಾಡುತ್ತಾರೋ ನನಗೆ ಗೊತ್ತಿಲ್ಲ.

ಆದರೂ ಎರಡು ತಿಂಗಳು ಕಳೆದವು, ಶಹನಾಜ್ ಗೋಡೆ ಬಿಡಲಿಲ್ಲ. ಅವಳೊಬ್ಬಳೇ ಅಲ್ಲ, ಕ್ಲಾಸಿನಲ್ಲಿ ಯಾರಿಗೂ ಅಂಥ ಗುಣ ಕಾಣಲಿಲ್ಲ. ಒಂದು ವಿಚಿತ್ರವನ್ನು ನಾನು ಕುರ್ಚಿಯ ಮೇಲಿಂದಲೇ ಗಮನಿಸಿದ್ದೆ. ವಿದ್ಯಾ ಚಾಪೆಗಳನ್ನು ಎರಡು ಸಾಲಾಗಿ, ನೆಲದ ಮೇಲೆ ಖಡುವಿನ, ಅಂದರೆ ಸೀಮೆಸುಣ್ಣದ, ಗೆರೆ ಹೊಡೆದು ಹಾಸುತ್ತಿದ್ದಳು: ಒಳಗಿನ ಗೋಡೆಯ ಕಡೆ ತಲೆ, ಬಾಗಿಲ ಕಡೆ ಕಾಲು. ಕ್ಲಾಸು ಸುರುವಾಗಿ ಹತ್ತು ನಿಮಿಷಕ್ಕೆ ಚಾಪೆಗಳು ಓರೆಯಾಗುತ್ತಿದ್ದವು. ಅರ್ಧ ತಾಸಿಗೆ ಒಂದು ಚಾಪೆಯೂ ಗೆರೆಯ ಮೇಲೆ ಇರುತ್ತಿರಲಿಲ್ಲ. ಕಡೆಯ ಇಬ್ಬರಂತೂ ಪೂರ್ತಿ ತಿರುಗಿ ಗೋಡೆಗೆ ಕಾಲು ಬಡಿದುಕೊಳ್ಳುತ್ತಿದ್ದರು. ವಿದ್ಯಾ ಮತ್ತೆ ನೆಟ್ಟಗೆ ಮಾಡುತ್ತಿದ್ದಳು, ಅವು ಮತ್ತೆ ತಿರುಗುತ್ತಿದ್ದವು. ಮುಂಡರಗಿ ದಾರಿಯಲ್ಲಿ ಸೂರ್ಯಕಾಂತಿ ಹೊಲ ನೋಡಿದ್ದೀರಲ್ಲ, ಎಲ್ಲ ಹೂವೂ ಒಂದೇ ಕಡೆ ಮುಖ ತಿರುಗಿಸಿ ನಿಂತಿರುತ್ತವೆ. ಇಲ್ಲಿ ಹೂವಿನ ಬದಲು ಹಿಮ್ಮಡಿ, ಅವು ಬೆನ್ನು ತಿರುಗಿಸಿದ್ದು ಯಾರಿಗೆ ಎಂದು ಮಾತ್ರ ನನಗೆ ಹೊಳೆಯಲಿಲ್ಲ.

ಕಾಲು ಎತ್ತಿರಿ ಅಂದರೆ ಒಂದು ಗೇಣು ಎತ್ತಿ ಇಳಿಸುವರು. ಒಂದು ಕೈ ಸೆರಗಿನ ಮೇಲೆ, ಇನ್ನೊಂದು ಕೈ ಮೊಣಕಾಲ ಮೇಲೆ. ನೋವಾಗುತ್ತದೆಯೇ ಎಂದರೆ "ಇಲ್ರಿ", ಆಯಿತೇ ಎಂದರೆ "ಆತ್ರಿ".

ಮೂರನೆಯ ತಿಂಗಳು ಸುರುವಾದಾಗ ವಿದ್ಯಾ ಅಡುಗೆಮನೆಯಲ್ಲಿ ಬದನೆಕಾಯಿ ಹೆಚ್ಚುತ್ತ ಹೇಳಿದಳು: "ಅತ್ತ್ಯಾರ, ಈ ತಿಂಗಳ ನೋಡ್ತೀನ್ರಿ. ಶಹನಾಜಕ್ಕನ ನಡ ಗುಣ ಆಗ್ಲಿಲ್ಲಂದ್ರ ಬಂದ್ ಮಾಡ್ತೀನಿ."

"ಹುಚ್ಚಿ, ಒಬ್ಬಾಕಿ ಸಲುವಾಗಿ ಅಂಗಡಿ ಮುಚ್ತಾರೇನು?"

"ಅಂಗಡಿ ಅಲ್ರಿ ಇದು. ಕಲಸಾಕ ಬರದಾಕಿ ಮಂದಿ ಬೆನ್ನ ಮುಟ್ಟಬಾರದು."

ಬದನೆಕಾಯಿಯನ್ನು ಎಷ್ಟು ಸಣ್ಣಗೆ ಹೆಚ್ಚಿದ್ದಳೆಂದರೆ ಅವತ್ತು ಪಲ್ಯ ಚಟ್ನಿಯಾಯಿತು. ಅದನ್ನೇ ರೊಟ್ಟಿಗೆ ಹಚ್ಚಿಕೊಂಡು ಉಂಡೆವು.

ಸೊಸೆಯ ಮುಖ ನೋಡಲಾರದೆ ನಾನು ಒಂದು ಉಪಾಯ ಮಾಡಿದೆ. ತಪ್ಪು ಕಲಿಯುವವರದು, ಅವರಿಗೆ ಶಿಸ್ತು ಸಾಲದು ಎಂದು ತೀರ್ಮಾನಿಸಿ, ಕುರ್ಚಿಯನ್ನು ಎರಡು ಮೊಳ ಮುಂದಕ್ಕೆ ಎಳೆದುಕೊಂಡೆ. "ಆಕಿ ಹೇಳಿದಂಗ ಮಾಡ್ರಿ. ನಾ ನೋಡಾಕತ್ತೀನಿ!" ಎಂದು ಗದರಿಸಿದೆ. ಆ ದಿನ ಎಂಟು ಮಂದಿಯೂ ಗೋಡೆಗೆ ಕಾಲು ಬಡಿದುಕೊಂಡರು. ನಗಬೇಡಿ. ನೀವು ಆಗಲೇ ತಿಳಿದುಕೊಂಡಿದ್ದೀರಿ ಎಂದು ಗೊತ್ತು. ನನಗೆ ತಿಳಿಯಲು ಹಿರೇವಡ್ಡಟ್ಟಿಗೆ ಹೋಗಿ ಬರಬೇಕಾಯಿತು.

ಹಿರೇವಡ್ಡಟ್ಟಿಯಲ್ಲಿ ನನ್ನ ತಂಗಿಯ ಮೊಮ್ಮಗಳದು ಸೀಮಂತವಿತ್ತು. ಐದು ದಿನ ಅಲ್ಲೇ ಇರುವುದೆಂದು ಹೋದವಳು, ತಂಗಿಯ ಗೊರಕೆ ತಾಳಲಾರದೆ ನಾಲ್ಕನೆಯ ದಿನವೇ ಮುಂಡರಗಿಗೆ ಬಂದು ಗದಗಿನ ಬಸ್ಸು ಹತ್ತಿದೆ. ಮನೆಗೆ ಬಂದಾಗ ಕ್ಲಾಸಿನ ಹೊತ್ತು. ಮುಂದಿನಿಂದ ಹೋದರೆ ಕ್ಲಾಸು ಕೆಡುತ್ತದೆಂದು ಹಿತ್ತಲಿನಿಂದ ಬಂದು, ಕೈಚೀಲ ಇಳಿಸಿ, ಗೋದಾಮಿನ ನಡುಬಾಗಿಲನ್ನು ಇಷ್ಟೇ ಇಷ್ಟು ಸರಿಸಿ ಇಣುಕಿದೆ.

ಎಂಟೂ ಚಾಪೆ ಖಡುವಿನ ಗೆರೆಯ ಮೇಲೆ ನೆಟ್ಟಗಿದ್ದವು. ಎಂಟು ಜೋಡಿ ಕಾಲು ಸೂರಿನ ಕಡೆ ನಿಂತಿದ್ದವು. ನೆಗೆಣ್ಣಿಯರಲ್ಲಿ ಕಿರಿಯಳು ಏನೋ ಚೇಷ್ಟೆ ಮಾಡಿ ಎಲ್ಲರೂ ನಗುತ್ತಿದ್ದರು, ನಗುವಿಗೆ ಕಾಲುಗಳೆಲ್ಲ ಜೋಳದ ದಂಟಿನ ಹಾಗೆ ಅಲುಗುತ್ತಿದ್ದವು. ತಲೆ ಹೊರಳಿಸಿದರೆ ಅವರಿಗೆ ಕಾಣುವಂತೆ, ಪಕ್ಕದ ಗೋಡೆಯ ಬುಡದಲ್ಲಿ, ಬರಿಯ ನೆಲದ ಮೇಲೆ ವಿದ್ಯಾ ಮಲಗಿದ್ದಳು. ತಾನೇ ಮಲಗಿ, ತಾನೇ ಕಾಲೆತ್ತಿ ತೋರಿಸುತ್ತಿದ್ದಳು. "ಶಹನಾಜಕ್ಕಾ, ನನ್ನ ನಡ ನೋಡ್ರಿ. ನೆಲ ಬಿಟ್ಟೈತೇನು? ಬಿಟ್ಟಿಲ್ಲಲ್ಲ? ಹಾಂ, ನೀವೂ ಬಿಡಬ್ಯಾಡ್ರಿ."

ಆರು ವರ್ಷದಿಂದ ಈ ಮನೆಯಲ್ಲಿರುವ ಹುಡುಗಿ ಮಲಗಿದ್ದನ್ನು ನಾನು ಅದೇ ಮೊದಲು ಕಂಡದ್ದು. ಜ್ವರ ಬಂದಾಗಲೂ ನನ್ನ ಸಪ್ಪಳ ಕೇಳಿದರೆ ಎದ್ದು ಕೂಡುತ್ತಿದ್ದಳು. ನಾನು ಅದನ್ನು ಗಮನಿಸಿದ್ದೂ ಇಲ್ಲ. ನೀರಿನಲ್ಲಿರುವ ಮೀನಿಗೆ ನೀರು ಕಾಣುತ್ತದೆಯೇ?

ಬಾಗಿಲು ಕಿರ್ ಎಂದಿತು. ಯಾರೋ ತಲೆ ಹೊರಳಿಸಿದರು. ಅಷ್ಟೇ. ಹದಿನಾರು ಕಾಲು ದಬದಬ ಇಳಿದವು, ಎಲ್ಲರೂ ಎದ್ದು ಕೂತು ಮಡಚಿಕೊಂಡರು, ಸೆರಗು ದುಪಟ್ಟಾ ತಲೆಯ ಮೇಲೆ ಬಂದವು. ವಿದ್ಯಾ ನಿಂತೇಬಿಟ್ಟಿದ್ದಳು.

ನಾನು ಸೊಸೆಯಾಗಿದ್ದಾಗ ನನ್ನ ಅತ್ತೆಯ ಮುಂದೆ ಕಾಲು ಚಾಚುವುದಿರಲಿ, ಅವರು ಕೂತ ಕೋಣೆಯಲ್ಲಿ ಗೋಡೆಗೆ ಒರಗಿದವಳೂ ಅಲ್ಲ. ಹಿರಿಯರ ಕಡೆ ಕಾಲು ಮಾಡಬಾರದು ಎಂದು ನಾನೇ ನೂರು ಮಂದಿಗೆ ಹೇಳಿದ್ದೇನೆ. ಇಷ್ಟು ತಿಳಿದವಳಿಗೆ ಇದು ಯಾಕೆ ಹೊಳೆಯಲಿಲ್ಲ? ಆಮೇಲೆ ಯೋಚಿಸಿದೆ. ನನ್ನ ಲೆಕ್ಕದಲ್ಲಿ ಹಿರಿಯರೆಂದರೆ ಇಂದಿಗೂ ನನ್ನ ಅತ್ತೆಯೇ. ಅವರು ಹೋಗಿ ಎಷ್ಟೋ ವರ್ಷವಾಗಿ, ಆ ಜಾಗಕ್ಕೆ ನಾನು ಬಂದು ಕೂತಿದ್ದೇನೆ ಎಂಬ ಖಬರೇ ನನಗೆ ಇರಲಿಲ್ಲ.

ಕ್ಲಾಸು ಮುಗಿದ ಮೇಲೆ ಶಹನಾಜಳನ್ನು ಹಿಡಿದು ಕೇಳಿದೆ. "ಖರೇ ಹೇಳು, ನಾ ಇದ್ರ ನಿಮಗ ಕಾಲ ಎತ್ತಾಕ ಆಗೂದಿಲ್ಲ, ಹೌದಿಲ್ಲೋ?"

"ಅಯ್ಯ, ಹಂಗೇನಿಲ್ರಿ ಅಮ್ಮಾರ. ನೀವಿದ್ರ ನಮಗ ಧೈರ್ಯ."

ಹೇಳುವಾಗಲೂ ಅವಳು ಪಾದಗಳನ್ನು ಒಳಕ್ಕೆ ಸೇರಿಸಿಕೊಂಡು ನಿಂತಿದ್ದಳು.

ವಿದ್ಯಾಳ ಮುಂದೆ ಸಿಟ್ಟಿಗೆದ್ದೆ. ನನ್ನ ಮೇಲಿನ ಸಿಟ್ಟು, ಆದರೆ ಬಿದ್ದದ್ದು ಅವಳ ಮೇಲೆ. "ನೀ ಯಾಕ ಹೇಳ್ಲಿಲ್ಲ ನನಗ?"

"ಏನಂತ ಹೇಳ್ಲಿರಿ? ನಾವು ಕಾಲ ಚಾಚ್ಬೇಕು, ನೀವು ಎದ್ದ ಹೋಗ್ರಿ ಅಂತ ಹೇಳ್ಲೇನು?" ಅವಳು ಚಾಪೆ ಸುತ್ತುವುದನ್ನು ನಿಲ್ಲಿಸಿದಳು. "ಖರೇ ಅಂದ್ರ ನನಗೂ ಗೊತ್ತಿರ್ಲಿಲ್ರಿ ಅತ್ತ್ಯಾರ. ನೀವು ಊರಿಗೆ ಹೋದ ಮರದಿನ ತೋರ್ಸಾಕಂತ ಕೆಳಗ ಅಡ್ಡಾದೆ. ಅಡ್ಡಾದ ಮ್ಯಾಲ ತಿಳೀತು, ಎರಡೂವರಿ ತಿಂಗಳದಾಗ ಒಮ್ಮೇನೂ ಅಡ್ಡಾಗಿ ತೋರ್ಸಿಲ್ಲ ಅಂತ. ಬರೇ ಬಾಯಿಲೆ ಹೇಳಿದ್ರ ಅವರಾದ್ರೂ ಹ್ಯಾಂಗ ಕಲೀಬೇಕು?"

ಮುಂದಿನ ಎರಡು ಕ್ಲಾಸಿಗೆ ನಾನು ಹೋಗಲಿಲ್ಲ. ಅಡುಗೆಮನೆಯಲ್ಲಿ ಕೂತು ಶೇಂಗಾ ಸುಲಿದೆ, ಬೇಡದಿದ್ದರೂ ಸುಲಿದೆ. ಸುಳ್ಳು ಯಾಕೆ, ಅಳು ಬಂದಿತ್ತು. ಬೆಳಗಿನ ಆ ಒಂದು ತಾಸಿಗಾಗಿಯೇ ನಾನು ನೆಟ್ಟಗೆ ತಲೆ ಬಾಚಿಕೊಳ್ಳುತ್ತಿದ್ದೆ. ನಾನು ಊರಿಗೆ ಹೋದದ್ದೂ ತಿಳಿಯದಿದ್ದ ನೆಗೆಣ್ಣಿಯರ ಅತ್ತೆ ಎರಡನೆಯ ದಿನ ಬಾಗಿಲಲ್ಲಿ ಇಣುಕಿ, ಖಾಲಿ ಕುರ್ಚಿ ನೋಡಿ, "ಅಮ್ಮಾರಿಲ್ಲೇನು? ಹಂಗಾರ ನಾಳಿಂದ ನೋಡೂಣಂತ" ಎಂದು ಸೊಸೆಯಂದಿರನ್ನು ಕರೆದುಕೊಂಡು ಹೋದಳು. ನಾನು ಇದ್ದರೆ ಕಲಿಯುವುದಾಗದು, ಇಲ್ಲದಿದ್ದರೆ ಕಲಿಯುವವರೇ ಬರರು. ತಿಂಗಳು ಮುಗಿಯಲು ಹನ್ನೆರಡು ದಿನ ಉಳಿದಿತ್ತು.

ಶುಕ್ರವಾರ ಬೆಳಿಗ್ಗೆ ವಿದ್ಯಾಳ ಹಳೆಯ ಪೈಜಾಮ ತೊಟ್ಟು, ಅದರ ಮೇಲೆ ಇಳಕಲ್ ಸೀರೆ ಉಟ್ಟು, ಬಿಡಿಸದೆ ಇಟ್ಟಿದ್ದ ಒಂಬತ್ತನೆಯ ಚಾಪೆ ಬಗಲಲ್ಲಿ ಇಟ್ಟುಕೊಂಡು ಗೋದಾಮಿಗೆ ಹೋದೆ. ಅಷ್ಟೊತ್ತಿಗೆ ನೆಗೆಣ್ಣಿಯರ ಮನೆಗೂ ಖಬರು ಕಳಿಸಿದ್ದೆ: ಅಮ್ಮಾರು ಒಳಗೇ ಇದ್ದಾರೆ, ಕಳಿಸಿರಿ.

ಎಲ್ಲರೂ ಎದ್ದು ನಿಂತರು. ನಾನು ಬಾಗಿಲ ಕಡೆಯ ಸಾಲಿನ ನಡುವೆ, ಶಹನಾಜಳ ಹಿಂದೆ ಚಾಪೆ ಬಿಡಿಸಿದೆ. ಅಂದರೆ ಮುಂದಿನ ಸಾಲಿನವರ ಕಾಲೆಲ್ಲ ನನ್ನ ತಲೆಯ ಕಡೆ. ಬೇಕೆಂತಲೇ ಆ ಜಾಗ ಹಿಡಿದೆ. ಕೂತೆ, ಪಕ್ಕಕ್ಕೆ ಹೊರಳಿದೆ, ಕೈಯೂರಿ, ದೇವರನ್ನು ನೆನೆದು, ಅಂಗಾತ ಬಿದ್ದೆ.

"ತಗೋರಿ, ಮಕ್ಕೊಂಡೆ. ಇನ್ನ ನೀವೂ ಮಕ್ಕೊಳ್ರಿ."

ಒಬ್ಬೊಬ್ಬರೇ ಮಲಗಿದರು. ವಿದ್ಯಾ ಕಾಲೆತ್ತಿರಿ ಅಂದಳು. ಯಾರೂ ಎತ್ತಲಿಲ್ಲ. ನಾನೇ ಬಾಯಿ ಹಾಕಿದೆ.

"ಶಹನಾಜ, ಎತ್ತಿದ ಕಾಲ ಯಾರ ಕಡೆ ಆಗ್ತೈತವಾ?"

"ಸೂರಿನ ಕಡೆ ರೀ."

"ಸೂರಿನಾಗ ಯಾರದಾರ?"

"ಹಲ್ಲಿ ಐತ್ರಿ."

"ಹಲ್ಲಿ ನಿನಗ ಹಿರ್ಯಾರೇನು? ಎತ್ತು!"

ನಗು ಒಡೆಯಿತು, ಕಾಲು ಮೇಲೆ ಹೋದವು. ನನ್ನವೂ ಹೋದವು, ಎಪ್ಪತ್ತು ವರ್ಷದ ಮೇಲೆ, ನಡುಗುತ್ತ.

ಇನ್ನೊಂದು ಗಂಟು ಉಳಿದಿತ್ತು. ವಿದ್ಯಾ ಎಲ್ಲರನ್ನೂ ತಿದ್ದುತ್ತಿದ್ದಳು, ನನ್ನ ಹತ್ತಿರ ಬಂದಾಗ ದಾಟಿ ಹೋಗುತ್ತಿದ್ದಳು. ಅತ್ತೆಯ ಕಾಲು ಹಿಡಿದು ನಮಸ್ಕಾರ ಮಾಡಬಹುದು, ನೆಟ್ಟಗೆ ಮಾಡುವುದು ಹೇಗೆ? ನಾನೂ ಬಿಡಲಿಲ್ಲ. ಬೇಕೆಂದೇ ಮೊಣಕಾಲು ಡೊಂಕು ಮಾಡಿದೆ. ದಾಟಿದಳು. ಕುತ್ತಿಗೆ ಎತ್ತಿದೆ. ದಾಟಿದಳು. ಉಸಿರು ಹಿಡಿದು ಮುಖ ಕೆಂಪು ಮಾಡಿಕೊಂಡೆ. ಆಗ ಬಗ್ಗಿದಳು.

"ಅತ್ತ್ಯಾರ, ನಿಮಗ ತ್ರಾಸ ಇಲ್ಲಂದ್ರ... ಒಂದೀಟ..."

"ಶಹನಾಜಗೂ ಹಿಂಗ ಹೇಳ್ತೀಯೇನು?"

ನನ್ನ ಮಗ್ಗುಲಿಗೆ ಮೊಣಕಾಲೂರಿ ಕೂತಳು. ಆಮೇಲೆ ಎರಡೂ ಅಂಗೈ ನನ್ನ ಪಕ್ಕೆಯ ಕೆಳಗೆ ಇಟ್ಟು, "ಉಸರ ಬಿಡ್ರಿ. ಪೂರಾ ಬಿಡ್ರಿ. ಪಕ್ಕಿ ನನ್ನ ಕೈಯಾಗ ಬಿಡ್ರಿ" ಅಂದಳು. ಆ ಕೈಗಳಲ್ಲಿ ಅವಸರವೇ ಇರಲಿಲ್ಲ. ಎಲ್ಲಿ ಬಿಗಿದಿದೆ ಎಂದು ನನ್ನ ಬೆನ್ನನ್ನೇ ಕೇಳಿದವು. ನನ್ನ ಬೆನ್ನು, ಮೂರು ಹೆತ್ತು, ಎಷ್ಟೋ ಸಾವಿರ ರೊಟ್ಟಿ ಬಡಿದ ಬೆನ್ನು, ಅಷ್ಟು ವರ್ಷದಲ್ಲಿ ಮೊದಲ ಸಲ ಪೂರ್ತಿ ನೆಲಕ್ಕೆ ಹತ್ತಿತು. ಮೆಚ್ಚುವುದು ಬೇರೆ, ಮೈಯಿಂದ ತಿಳಿಯುವುದು ಬೇರೆ. ಅವಳು ಒಳ್ಳೆಯ ಗುರು ಎಂದು ನನಗೆ ಅವತ್ತು ತಿಳಿಯಿತು.

ತಿಂಗಳ ಕೊನೆಯ ಕ್ಲಾಸಿಗೆ ಶಹನಾಜ್ ಬಸ್ಸಿಳಿದು ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಹೇಳಿದಳು: "ವಿದ್ಯಕ್ಕಾ, ನಿನ್ನಿ ಎರಡು ಕುಬಸ ಹೊಲಿದು ಎದ್ದೆ. ಎದ್ದ ಮ್ಯಾಲ ನೋಡ್ತೀನಿ, ಗ್ವಾಡಿ ಹಿಡದಿಲ್ಲ!" ವಿದ್ಯಾ ಚಾಪೆ ಹಾಸಲು ತಿರುಗಿದಳು. ಹಾಸಿದ ಚಾಪೆಯನ್ನೇ ಮತ್ತೆ ಹಾಸಿದಳು. ನೋವು ಪೂರ್ತಿ ಹೋಯಿತೆಂದು ಹೇಳಿದರೆ ಸುಳ್ಳಾದೀತು. ವಾರ ತಪ್ಪಿಸಿದರೆ ನಡ ನೆನಪು ಮಾಡಿಕೊಡುತ್ತದೆ. ಆದರೆ ಶಿರಹಟ್ಟಿಯಲ್ಲಿ ಟೇಲರಕ್ಕ ಇನ್ನೂ ಟೇಲರಕ್ಕನೇ, ಮತ್ತು ನಮ್ಮ ಗೋದಾಮಿಗೆ ಇಲಿ ಮರಳಲಿಲ್ಲ.

ಬೆತ್ತದ ಕುರ್ಚಿಯ ಮೇಲೆ ಈಗ ಬಂದವರ ಪರ್ಸು, ಫೋನು ಇಡುತ್ತಾರೆ.

ಇಷ್ಟು ಒತ್ತುವಷ್ಟರಲ್ಲಿ ರವಿವಾರ ಮುಗಿದು ಸೋಮವಾರವಾಯಿತು ನೋಡಿ. ಈಗಷ್ಟೇ ಕ್ಲಾಸಿನಿಂದ ಎದ್ದು ಬಂದು ಉಳಿದದ್ದನ್ನು ಬರೆಯುತ್ತಿದ್ದೇನೆ. ಮೊದಮೊದಲು ಶಹನಾಜಳ ಪಾದ ನನ್ನ ಚಾಪೆಯ ಅಂಚಿಗೆ ತಾಗಿದರೂ ಅವಳು ಎದ್ದು, ನನ್ನ ಚಾಪೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಇವತ್ತು ವಿದ್ಯಾ ಅತ್ತ ತಿರುಗಿದ್ದಾಗ, ಎದುರು ಮನೆಯಾಕೆಯ ಹೊಸ ಸುದ್ದಿಯೊಂದನ್ನು ಶಹನಾಜಳಿಗೆ ಪಿಸುಗುಟ್ಟಲೆಂದು ನಾನು ಮಲಗಿದಲ್ಲಿಂದಲೇ ಮೇಲಕ್ಕೆ, ಇನ್ನೂ ಮೇಲಕ್ಕೆ ಜರುಗಿದೆ. ಅಷ್ಟರಲ್ಲಿ ಅವಳು ಎತ್ತಿದ್ದ ಕಾಲು ನಿಧಾನವಾಗಿ ಇಳಿದು ನನ್ನ ತುರುಬಿನ ಮೇಲೆ ಕೂತಿತು.

"ಏನವಾ ಟೇಲರಕ್ಕಾ," ಸಿಟ್ಟು ಬಂದವರ ಹಾಗೆ ದನಿ ತೆಗೆದೆ, "ಹಿರ್ಯಾರ ತಲಿ ಮ್ಯಾಲನ ಕಾಲ ಇಡ್ತೀಯೇನು?"

ಅವಳು ಏಳಲಿಲ್ಲ. ಕಣ್ಣನ್ನೂ ತೆಗೆಯಲಿಲ್ಲ. ಉಸಿರನ್ನು ಪೂರ್ತಿ ಬಿಟ್ಟು ಆದ ಮೇಲೆ ಅಂದಳು:

"ನನ್ನ ಕಾಲ ನನ್ನ ಚಾಪಿ ಮ್ಯಾಲನ ಐತ್ರಿ ಅಮ್ಮಾರ. ನಿಮ್ಮ ತಲಿ ಇಲ್ಲಿ ಏನ್ ಮಾಡಾಕತ್ತೈತಿ?"